ಚಿನ್ನದ ಹಣೆಪಟ್ಟದಿಂದ ಪೆಟ್ರೋಲ್ ಸೆಸ್‌ವರೆಗೆ

ಕೇರಳದ ಎರ್ನಾಕುಳದ ಬಳಿಯ ತ್ರಿಪ್ಪುಣಿತ್ತುರದ ಪೂರ್ಣತ್ರಯೀಶ ದೇವಸ್ಥಾನದ ವೃಶ್ಚಿಕೋತ್ಸವಕ್ಕೆ ಹದಿನೈದು ಆನೆಗಳನ್ನು ಸಿಂಗರಿಸಿ ನಿಲ್ಲಿಸುವುದು ವಾಡಿಕೆ. ಒಂದು ಕಾಲಕ್ಕೆ ಆ ಹದಿನೈದಕ್ಕೂ ಚಿನ್ನದ ಹಣೆಪಟ್ಟಗಳಿದ್ದವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಹದಿನಾಲ್ಕು ಮಾರಾಟವಾದವು. ಬಂದ ಹಣ ಶೊರನೂರಿನಿಂದ ಎರ್ನಾಕುಳಕ್ಕೆ ರೈಲು ಹಳಿ ಹಾಕಲು ಹೋಯಿತು. ಮಾರಿಸಿದವರು 1895ರಲ್ಲಿ ಕೊಚ್ಚಿ ಸಂಸ್ಥಾನದ ಪಟ್ಟಕ್ಕೆ ಬಂದ, ಜನ ರಾಜರ್ಷಿ ಎಂದು ಕರೆದ ರಾಮವರ್ಮ ಮಹಾರಾಜರು. ಕೇರಳದಲ್ಲಿ ಇದನ್ನು ತ್ಯಾಗದ ಕಥೆಯಾಗಿ ಹೇಳುತ್ತಾರೆ. ಹಾಗೆ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ನಮ್ಮ ದೇಶದಲ್ಲಿ ರಸ್ತೆಗೆ, ಹಳಿಗೆ, ಬಂದರಿಗೆ ಹಣ ಹೇಗೆ ಒದಗಿತು ಎಂದು ಹುಡುಕುತ್ತ ಹೋದರೆ ಈ ಕಥೆಯ ಒಳಗೆ ಬೇರೊಂದು ಪ್ರಶ್ನೆ ಎದುರಾಗುತ್ತದೆ. ದಾರಿಗೆ ಹಣ ಕೊಟ್ಟವರಿಗೆ ಆ ದಾರಿಯ ಮೇಲೆ ಮತ್ತು ಆ ಹಣದ ಲೆಕ್ಕದ ಮೇಲೆ ಇರುವ ಹಕ್ಕು ಎಷ್ಟು? ದೆಹಲಿಯೂ ತಿರುವನಂತಪುರವೂ ಕಳೆದ ನೂರು ವರ್ಷಗಳಲ್ಲಿ ಸಾರಿಗೆಗೆ ಹಣ ಎತ್ತುವ ಕಾಯಿದೆಗಳನ್ನು ಬರೆಯುವುದರಲ್ಲಿ ಪಳಗಿವೆ. ಎತ್ತಿದ ಹಣಕ್ಕೆ ಕೊಟ್ಟವನ ಮುಂದೆ ಉತ್ತರ ಹೇಳುವಂತೆ ಖರ್ಚು ಮಾಡುವವನನ್ನು ಕಟ್ಟಿಹಾಕುವ ಕಾಯಿದೆಯನ್ನು ಮಾತ್ರ ಅವು ಇನ್ನೂ ಬರೆದಿಲ್ಲ. ತ್ರಿಪ್ಪುಣಿತ್ತುರದ ಸುತ್ತಮುತ್ತಲಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಮೊದಲು ಆ ರೈಲನ್ನೇ ನೋಡೋಣ. ಮದರಾಸು ರೈಲ್ವೆ ಕಂಪನಿಯ ಹಳಿ ಪಾಲಕ್ಕಾಡಿನ ಕಣಿವೆ ದಾಟಿ ಶೊರನೂರಿನ ಮೂಲಕ ಮಲಬಾರಿನ ಕಡೆಗೆ ಹೋಗಿತ್ತು. ಕೊಚ್ಚಿ ಸಂಸ್ಥಾನ ಆ ಹಳಿಯ ಬದಿಯಲ್ಲೇ ಉಳಿದುಹೋಗಿತ್ತು. ಘಟ್ಟದಾಚೆಯ ಸರಕು ಕೊಚ್ಚಿಯ ಬಂದರಿಗೆ ಬರಬೇಕಾದರೆ ಶೊರನೂರಿನಿಂದ ತ್ರಿಶೂರು, ಚಾಲಕುಡಿ, ಆಲುವಾ ಹಾದು ಎರ್ನಾಕುಳಕ್ಕೆ ಒಂದು ಕವಲು ಬೇಕಿತ್ತು. ಅದನ್ನು ಕಟ್ಟಲು ಬ್ರಿಟಿಷ್ ಸರಕಾರ ತನ್ನ ಬೊಕ್ಕಸ ತೆರೆಯಲಿಲ್ಲ. ಬೇಕಿದ್ದರೆ ಸಂಸ್ಥಾನವೇ ಹಣ ಹೊಂದಿಸಿಕೊಳ್ಳಬೇಕಿತ್ತು. ಹಾಗಾಗಿ ಸಂಸ್ಥಾನದ ಉಳಿತಾಯ, ದೇವಸ್ವದ ಸಂಪತ್ತು, ಅರಮನೆಯ ಒಡವೆ ಎಲ್ಲವೂ ಸೇರಿ ಹಳಿ ಎದ್ದಿತು. 1899ರಲ್ಲಿ ಕೆಲಸ ಶುರುವಾಯಿತು. 1902ರ ಜೂನ್ 2ರಂದು ಸರಕು ಗಾಡಿ, ಜುಲೈ 16ರಂದು ಪ್ರಯಾಣಿಕರ ಗಾಡಿ ಎರ್ನಾಕುಳ ತಲುಪಿತು. ಹಣ ಕೈಯಲ್ಲಿ ಬಿಗಿಯಾಗಿದ್ದುದರ ಗುರುತು ಹಳಿಯ ಅಗಲದಲ್ಲೇ ಉಳಿಯಿತು. ಶೊರನೂರಿನವರೆಗೆ ಬ್ರಾಡ್ ಗೇಜ್, ಅಲ್ಲಿಂದ ಈಚೆಗೆ ಅಗ್ಗದ ಮೀಟರ್ ಗೇಜ್. ಮದರಾಸಿನಿಂದ ಬಂದ ಪ್ರತಿ ಮೂಟೆಯನ್ನೂ ಶೊರನೂರಿನಲ್ಲಿ ಇಳಿಸಿ ಇನ್ನೊಂದು ಗಾಡಿಗೆ ಹೇರಬೇಕಿತ್ತು. 1930ರ ದಶಕದಲ್ಲಿ ಹಳಿ ಅಗಲವಾಗುವವರೆಗೆ, ಅಂದರೆ ಮೂರು ದಶಕಗಳ ಕಾಲ, ಈ ಕೂಲಿ ಕೊಚ್ಚಿಯ ವ್ಯಾಪಾರದ ಮೇಲೆ ಬಿತ್ತು. ಒಮ್ಮೆ ಕೈಬಿಚ್ಚಿ ಕೊಟ್ಟ ಹಣದಿಂದ ಒಂದು ಕೆಲಸ ಎದ್ದು ನಿಲ್ಲಬಹುದು; ಅದನ್ನು ಬೆಳೆಸಲು ವರ್ಷವರ್ಷವೂ ಬರುವ, ಹೆಸರಿಟ್ಟು ಮೀಸಲಿಟ್ಟ ಆದಾಯ ಬೇಕು. ಅಂಥ ಆದಾಯ ಆಗ ಕೊಚ್ಚಿಯ ಬಳಿ ಇರಲಿಲ್ಲ.

ಇನ್ನೊಂದು ಸಂಗತಿಯನ್ನು ತ್ಯಾಗದ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ದೇವರ ಚಿನ್ನ ಕೊಟ್ಟ ತ್ರಿಪ್ಪುಣಿತ್ತುರಕ್ಕೆ ಆ ರೈಲು ಬರಲೇ ಇಲ್ಲ. ಅದು ಎರ್ನಾಕುಳದಲ್ಲಿ ನಿಂತಿತು. ಎರ್ನಾಕುಳದಿಂದ ಕೋಟ್ಟಯಕ್ಕೆ ಹೋಗುವ ಹಳಿ ತ್ರಿಪ್ಪುಣಿತ್ತುರವನ್ನು ಹಾದದ್ದು 1956ರಲ್ಲಿ, ಐವತ್ತನಾಲ್ಕು ವರ್ಷಗಳ ನಂತರ. ಅಷ್ಟರಲ್ಲಿ ಸಂಸ್ಥಾನವೂ ಇರಲಿಲ್ಲ, ಅದರ ರೈಲಿನ ಒಡೆತನವೂ ಇರಲಿಲ್ಲ. 1949ರ ಜುಲೈ 1ರಂದು ತಿರುವಾಂಕೂರು–ಕೊಚ್ಚಿ ಒಂದಾಯಿತು, 1950ರ ಏಪ್ರಿಲ್‌ನಲ್ಲಿ ಸಂಸ್ಥಾನಗಳ ಹಣಕಾಸು ಕೇಂದ್ರದೊಂದಿಗೆ ವಿಲೀನವಾದಾಗ ಅವುಗಳ ರೈಲುಗಳೂ ಕೇಂದ್ರಕ್ಕೆ ಸೇರಿದವು. ದೇಶ ಒಂದಾಗಬೇಕಾದರೆ ಇದು ಆಗಲೇಬೇಕಿತ್ತು. ಆದರೂ ಕೊಟ್ಟವರು ಒಬ್ಬರು, ಒಡೆಯರಾದವರು ಇನ್ನೊಬ್ಬರು ಎಂಬ ಮಾದರಿ ನಮ್ಮ ಸಾರಿಗೆ ಚರಿತ್ರೆಯಲ್ಲಿ ಇಷ್ಟು ಹಿಂದೆಯೇ ನೆಲೆಯಾಯಿತು ಎನ್ನುವುದನ್ನು ನೆನಪಿಡಬೇಕು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುತ್ತದೆ. ರಾಜನೊಬ್ಬ ತನಗೆ ತೋಚಿದಂತೆ ದೇವಸ್ಥಾನದ ಒಡವೆ ಮಾರಿ ರೈಲು ತಂದದ್ದನ್ನು ಪ್ರಜಾಪ್ರಭುತ್ವದ ಕಾಯಿದೆಗಳ ಪಕ್ಕದಲ್ಲಿ ಇಟ್ಟು ನೋಡುವುದು ಸರಿಯೇ ಎಂದು ಕೇಳಬಹುದು. ಸರಿಯಲ್ಲ, ರಾಜನನ್ನು ಆದರ್ಶವೆಂದು ತೋರಿಸುವುದಾದರೆ. ಆ ಚಿನ್ನ ತಲೆಮಾರುಗಳ ಭಕ್ತರ ಕಾಣಿಕೆ. ಅವರನ್ನು ಯಾರೂ ಕೇಳಲಿಲ್ಲ. ಆ ಕಾಲದಲ್ಲಿ ಕೊಡುವವನಿಗೆ ಎಷ್ಟು ಕಡಿಮೆ ಹಕ್ಕಿತ್ತು ಎನ್ನುವುದಕ್ಕೆ ಇದಕ್ಕಿಂತ ಕಠೋರವಾದ ಉದಾಹರಣೆ ತ್ರಿಪ್ಪುಣಿತ್ತುರದಿಂದ ದಕ್ಷಿಣಕ್ಕೆ, ತಿರುವಾಂಕೂರಿನ ಗಡಿಯೊಳಗಿನ ವೈಕ್ಕಂನಲ್ಲಿದೆ. 1924ರ ಮಾರ್ಚ್ 30ರಂದು ಅಲ್ಲಿ ಸತ್ಯಾಗ್ರಹ ಶುರುವಾದದ್ದು ದೇವಸ್ಥಾನದ ಒಳಗೆ ಹೋಗುವುದಕ್ಕಾಗಿ ಆಗಿರಲಿಲ್ಲ. ದೇವಸ್ಥಾನದ ಸುತ್ತಲಿನ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ. ಆ ರಸ್ತೆಗಳು ಸರಕಾರದ ಹಣದಲ್ಲಿ ನಿಂತಿದ್ದವು, ಆ ಹಣದಲ್ಲಿ ಕೆಳಜಾತಿಯವರೆಂದು ಆ ರಸ್ತೆಗಳಿಂದ ದೂರವಿಟ್ಟಿದ್ದ ಈಳವರ, ಪುಲಯರ ಕಂದಾಯವೂ ಇತ್ತು. ತೆರಿಗೆ ಕಟ್ಟಿದವನಿಗೆ ಅದೇ ರಸ್ತೆಯ ಬಾಯಲ್ಲಿ ತಡೆಬೇಲಿ. 1925ರ ಮಾರ್ಚ್‌ನಲ್ಲಿ ಗಾಂಧೀಜಿ ಬಂದು ಮಾತುಕತೆ ನಡೆಸಿದರು; ಆ ವರ್ಷದ ಕೊನೆಯಲ್ಲಿ ಚಳವಳಿ ನಿಂತಾಗ ಪೂರ್ವದ ರಸ್ತೆಯೊಂದನ್ನು ಬಿಟ್ಟು ಉಳಿದ ರಸ್ತೆಗಳು ತೆರೆದವು. ಹಾಗಾಗಿ ರಾಜರ ಕಾಲ ಚೆನ್ನಾಗಿತ್ತು ಎಂಬ ವಾದ ನನ್ನದಲ್ಲ. ಕೊಡುವವನ ಹಕ್ಕು ಎಂಬ ಪ್ರಶ್ನೆ ಆಗ ಬೀದಿಯಲ್ಲಿ ಸತ್ಯಾಗ್ರಹವಾಗಿ ಎದ್ದಿತು. ಕಾಯಿದೆಯ ಪುಸ್ತಕದಲ್ಲಿ ಅದಕ್ಕೆ ಇಂದಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ ಎನ್ನುವುದಷ್ಟೇ ನನ್ನ ಮಾತು.

ಆ ಉತ್ತರದ ಹತ್ತಿರಕ್ಕೆ ಬಂದ ಒಂದು ಏರ್ಪಾಟು ಕೊಚ್ಚಿಯಲ್ಲೇ ಇತ್ತು. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅಳಿವೆಯ ಬಾಯಿಗೆ ಅಡ್ಡವಾಗಿದ್ದ ಮರಳಿನ ದಿಬ್ಬವನ್ನು ಕಡಿದು ಒಳ ಬಂದರನ್ನು ಕಟ್ಟಿದರು, ಹೂಳೆತ್ತಿದ ಮಣ್ಣಿನಿಂದ ವಿಲಿಂಗ್ಡನ್ ದ್ವೀಪ ಎದ್ದಿತು. ಈ ಕೆಲಸದ ತಾಂತ್ರಿಕ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1925ರ ಒಪ್ಪಂದ. ಮದರಾಸು, ಕೊಚ್ಚಿ, ತಿರುವಾಂಕೂರು ಸರಕಾರಗಳು ಬಂದರಿನ ವೆಚ್ಚಕ್ಕೆ ಹೆಗಲು ಕೊಟ್ಟವು. ಬಂದರಿನಲ್ಲಿ ಹುಟ್ಟುವ ಸುಂಕದ ಆದಾಯವನ್ನೂ ಹಂಚಿಕೊಳ್ಳಲು ಒಪ್ಪಿಕೊಂಡವು. ಹೊಣೆ ಹೊತ್ತವನಿಗೆ ಫಲದಲ್ಲಿ ಪಾಲು, ಪಾಲು ಎಷ್ಟೆಂಬುದು ಬರವಣಿಗೆಯಲ್ಲಿ. 1936ರಲ್ಲಿ ಕೊಚ್ಚಿ ಪ್ರಮುಖ ಬಂದರು ಎಂದು ಘೋಷಿತವಾಗಿ ಭಾರತ ಸರಕಾರದ ಕೈಗೆ ಹೋಯಿತು. ಪರಸ್ಪರ ನಂಬಿಕೆಯಿಲ್ಲದ ಮೂರು ಸರಕಾರಗಳು ನೂರು ವರ್ಷಗಳ ಹಿಂದೆಯೇ ಇಂಥ ಕರಾರು ಬರೆಯಲು ಸಾಧ್ಯವಾಗಿತ್ತು ಎಂದರೆ, ಇಂದು ಅದು ಸಾಧ್ಯವಿಲ್ಲ ಎನ್ನುವ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

1920ರ ದಶಕದಲ್ಲೇ ದೆಹಲಿಯಲ್ಲಿ ರಸ್ತೆಯ ಪ್ರಶ್ನೆ ಎದ್ದಿತು. ಮೋಟಾರುಗಳು ಹೆಚ್ಚಿದ್ದವು, ಎತ್ತಿನ ಗಾಡಿಗೆಂದು ಹಾಸಿದ ಜಲ್ಲಿ ರಸ್ತೆಗಳು ಅವುಗಳ ಚಕ್ರಕ್ಕೆ ಕಿತ್ತುಬರುತ್ತಿದ್ದವು, ರಸ್ತೆ ಪ್ರಾಂತಗಳ ಹೊಣೆಯಾದರೂ ಪ್ರಾಂತಗಳ ಬಳಿ ಹಣವಿರಲಿಲ್ಲ. 1927ರಲ್ಲಿ ಮುಂಬಯಿಯ ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ಮುಂದಿನ ವರ್ಷ ವರದಿ ಕೊಟ್ಟಿತು. ಅದರ ತಿರುಳು ಸರಳವಾಗಿತ್ತು. ರಸ್ತೆಗಳು ಇನ್ನು ಮುಂದೆ ಒಂದು ಪ್ರಾಂತದ ಸೊತ್ತಷ್ಟೇ ಅಲ್ಲ, ದೇಶದ ಸೊತ್ತು. ಪೆಟ್ರೋಲಿನ ಮೇಲೆ ಹೆಚ್ಚುವರಿ ಸುಂಕ ಹಾಕಿ, ಅದನ್ನು ಬೇರೆ ನಿಧಿಯಲ್ಲಿಟ್ಟು, ರಸ್ತೆಗೆ ಮಾತ್ರ ಖರ್ಚು ಮಾಡಬೇಕು. 1929ರಲ್ಲಿ ಗ್ಯಾಲನ್‌ಗೆ ನಾಲ್ಕು ಆಣೆಯಿದ್ದ ಸುಂಕ ಆರು ಆಣೆಯಾಯಿತು. ಹೆಚ್ಚಿದ ಎರಡು ಆಣೆ ಕೇಂದ್ರ ರಸ್ತೆ ನಿಧಿಗೆ ಹೋಯಿತು. ಒಂದು ಸಣ್ಣ ಭಾಗವನ್ನು ಕೇಂದ್ರ ಮೀಸಲಿಟ್ಟುಕೊಂಡು ಉಳಿದದ್ದನ್ನು ಪ್ರಾಂತಗಳಿಗೂ ಸಂಸ್ಥಾನಗಳಿಗೂ ಪೆಟ್ರೋಲ್ ಬಳಕೆಗೆ ತಕ್ಕಂತೆ ಹಂಚಿತು. ಎಲ್ಲಿ ಸುಂಕ ಹುಟ್ಟಿತೋ ಅಲ್ಲಿಗೆ ಹಣ ಹಿಂತಿರುಗುತ್ತಿತ್ತು. ರಸ್ತೆಯ ವಿಷಯದಲ್ಲಿ ಕೊಡುವವನಿಗೂ ಖರ್ಚಿಗೂ ನೇರ ನಂಟು ಕಟ್ಟಿದ ಅಖಿಲ ಭಾರತ ಏರ್ಪಾಟು ಇದು, ಮತ್ತು ಅದರ ಲೆಕ್ಕಾಚಾರವನ್ನು ಪೆಟ್ರೋಲ್ ಹಾಕಿಸುವ ಯಾರು ಬೇಕಾದರೂ ಅರ್ಥ ಮಾಡಿಕೊಳ್ಳಬಹುದಿತ್ತು.

ಅದರ ದೌರ್ಬಲ್ಯ ಎಲ್ಲಿತ್ತೆಂದರೆ, ಅದು ಶಾಸನಸಭೆಯ ನಿರ್ಣಯದ ಮೇಲೆ ನಿಂತಿತ್ತು, ಕಾಯಿದೆಯ ಮೇಲೆ ಅಲ್ಲ. ಮೀಸಲು ಹಣಕ್ಕೆ ಇರುವ ಅಪಾಯ ಬ್ರಿಟನ್ನಿನಲ್ಲಿ ಆಗಲೇ ಕಂಡಿತ್ತು. ಅಲ್ಲಿನ ಹಣಕಾಸು ಸಚಿವ ಲಾಯ್ಡ್ ಜಾರ್ಜ್ 1909ರಲ್ಲಿ ವಾಹನದವರಿಂದ ತೆರಿಗೆ ಪಡೆದು ರಸ್ತೆಗೇ ಹಾಕುತ್ತೇನೆಂದು ಮಾತು ಕೊಟ್ಟಿದ್ದರು. ಅಲ್ಲಿ ಕಾಯಿದೆಯೇ ಇತ್ತು, ಆದರೂ 1926ರಲ್ಲಿ ಹಣಕಾಸು ಸಚಿವರಾಗಿದ್ದ ವಿನ್‌ಸ್ಟನ್ ಚರ್ಚಿಲ್ ರಸ್ತೆ ನಿಧಿಗೆ ಕೈ ಹಾಕಿ ಸಾಮಾನ್ಯ ಬೊಕ್ಕಸಕ್ಕೆ ಹಣ ಎಳೆದುಕೊಂಡರು; 1937ರ ಹೊತ್ತಿಗೆ ಆ ಮೀಸಲು ಹೆಸರಿಗಷ್ಟೇ ಉಳಿಯಿತು. ಭಾರತದಲ್ಲಿ ಹಾಗೆ ಯಾರೂ ಒಂದೇ ಬಾರಿಗೆ ನಿಧಿಯನ್ನು ಬರಿದು ಮಾಡಲಿಲ್ಲ. ಪೆಟ್ರೋಲ್ ಸುಂಕ ಏರುತ್ತ ಹೋದಂತೆ ರಸ್ತೆ ನಿಧಿಯ ಪಾಲು ಲೀಟರಿಗೆ ಕೆಲವೇ ಪೈಸೆಯಲ್ಲಿ ನಿಂತುಬಿಟ್ಟಿತು. 1988ರಲ್ಲಿ ಸಂಸತ್ತು ಆ ಪಾಲನ್ನು ಬೆಲೆಯ ಶೇಕಡ 5ಕ್ಕೆ ಏರಿಸುವ ನಿರ್ಣಯ ಅಂಗೀಕರಿಸಿತು, ಅದು ಜಾರಿಯಾಗಲಿಲ್ಲ. ಸಂಸತ್ತಿನ ಎರಡೂ ಸದನಗಳ ಮಾತನ್ನು ಕಾರ್ಯಾಂಗ ಸುಮ್ಮನೆ ಬದಿಗಿಡಬಹುದು ಎನ್ನುವುದು ನಮ್ಮ ರಸ್ತೆ ನಿಧಿಯ ಚರಿತ್ರೆಯ ಅತಿ ಗಂಭೀರ ಪಾಠ, ಅದನ್ನು ಯಾರೂ ಪಾಠಪುಸ್ತಕದಲ್ಲಿ ಕಲಿಸುವುದಿಲ್ಲ.

1956ನೆಯ ಇಸವಿಯನ್ನು ಸ್ವಲ್ಪ ನಿಂತು ನೋಡಬೇಕು. ಆ ವರ್ಷದ ಜೂನ್ 29ರಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯಿದೆ ಪೆಟ್ರೋಲ್ ತೆರಿಗೆಯನ್ನು ಗ್ಯಾಲನ್‌ಗೆ ಮೂರು ಸೆಂಟ್‌ಗೆ ಏರಿಸಿತು, ಆ ಹಣಕ್ಕೆ ಪ್ರತ್ಯೇಕ ಹೆದ್ದಾರಿ ನಿಧಿ ಕಟ್ಟಿತು, ಅಂತರರಾಜ್ಯ ಹೆದ್ದಾರಿಯ ವೆಚ್ಚದ ಶೇಕಡ 90ನ್ನು ಕೇಂದ್ರ ಹೊರುತ್ತದೆ ಎಂದು ಬರೆಯಿತು. ಸೆಪ್ಟೆಂಬರ್ 11ರಂದು ನಮ್ಮ ರಾಷ್ಟ್ರೀಯ ಹೆದ್ದಾರಿ ಕಾಯಿದೆ ಬಂತು. ಯಾವ ರಸ್ತೆ ರಾಷ್ಟ್ರೀಯ ಹೆದ್ದಾರಿ, ಅದು ಯಾರ ವಶ, ಅದರ ಹೊಣೆ ಯಾರದು ಎಂಬುದನ್ನು ಅದು ಹೇಳಿತು. ಹಣ ಎಲ್ಲಿಂದ, ಎಷ್ಟು ಎಂಬುದನ್ನು ಹೇಳಲಿಲ್ಲ. ನವೆಂಬರ್ 1ರಂದು ಕೇರಳವೂ ವಿಶಾಲ ಮೈಸೂರೂ ಹುಟ್ಟಿದವು, ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಪನ್ವೇಲಿನಿಂದ ಕಾರವಾರ, ಉಡುಪಿ, ಮಂಗಳೂರು, ಕಾಸರಗೋಡು ಹಾದು ಇಡಪ್ಪಳ್ಳಿಗೆ ಬರುವ ಕರಾವಳಿಯ ದಾರಿ ಮುಂದೆ ರಾಷ್ಟ್ರೀಯ ಹೆದ್ದಾರಿ 17 ಆಯಿತು. ಕೊಚ್ಚಿಯಿಂದ ತ್ರಿಪ್ಪುಣಿತ್ತುರದ ಮೂಲಕ ಧನುಷ್ಕೋಟಿಗೆ ಹೋಗುವುದು 49 ಎಂಬ ಸಂಖ್ಯೆ ಪಡೆಯಿತು. ಸಂಖ್ಯೆಗಳು ಸಿಕ್ಕವು, ರಸ್ತೆಗಳು ದಶಕಗಟ್ಟಲೆ ಎರಡು ಲಾರಿ ಕಷ್ಟಪಟ್ಟು ಎದುರಾಗುವಷ್ಟೇ ಅಗಲ ಉಳಿದವು. ಅಮೆರಿಕ ಶ್ರೀಮಂತ ದೇಶ, ಹೋಲಿಕೆ ಸಲ್ಲದು ಎನ್ನಬಹುದು. ನಾನು ಹೋಲಿಸುತ್ತಿರುವುದು ಹಣದ ಮೊತ್ತವನ್ನಲ್ಲ. ಬಡ ದೇಶಕ್ಕೆ ಹಣವನ್ನು ಕಾಯಿದೆಯಲ್ಲಿ ಕಟ್ಟಿಡುವ ಅಗತ್ಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಇತರ ಬೇಡಿಕೆಗಳ ಒತ್ತಡ ಹೆಚ್ಚು.

ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕಾಯಿದೆ 1988ರಲ್ಲಿ ಬಂತು, ಖಾಸಗಿಯವರು ಕಟ್ಟಿ ಟೋಲ್ ವಸೂಲಿ ಮಾಡಬಹುದೆಂಬ ತಿದ್ದುಪಡಿ 1995ರಲ್ಲಿ. ಕೊನೆಗೆ 2000ದಲ್ಲಿ ಕೇಂದ್ರ ರಸ್ತೆ ನಿಧಿ ಕಾಯಿದೆ ಬಂತು. ಜಯಕರ್ ಸಮಿತಿಯ ಸಲಹೆಗೆ ಶಾಸನದ ರೂಪ ಸಿಗಲು ಏಳು ದಶಕ ಬೇಕಾಯಿತು. ಇದನ್ನು ನಾನು ಸ್ವತಂತ್ರ ಭಾರತದ ಉತ್ತಮ ಕಾಯಿದೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಪೆಟ್ರೋಲ್ ಮತ್ತು ಡೀಸೆಲ್ ಮೇಲಿನ ಸೆಸ್‌ಗೆ ಅದು ಕಾನೂನಿನ ನೆಲೆ ಕೊಟ್ಟಿತು, ಹಂಚಿಕೆಯನ್ನೂ ಬರೆದಿಟ್ಟಿತು. ಡೀಸೆಲ್ ಸೆಸ್‌ನ ಅರ್ಧ ಗ್ರಾಮೀಣ ರಸ್ತೆಗೆ. ಉಳಿದ ಅರ್ಧವನ್ನೂ ಇಡೀ ಪೆಟ್ರೋಲ್ ಸೆಸ್‌ನ್ನೂ ಸೇರಿಸಿ ಅದರಲ್ಲಿ ಶೇಕಡ 57.5 ರಾಷ್ಟ್ರೀಯ ಹೆದ್ದಾರಿಗೆ, 12.5 ರೈಲ್ವೆ ಮೇಲ್ಸೇತುವೆ ಮತ್ತು ಸುರಕ್ಷತೆಗೆ, 30 ರಾಜ್ಯಗಳ ರಸ್ತೆಗೆ. ಅದೇ ವರ್ಷದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಹಿಂದೆ ಈ ಡೀಸೆಲ್ ಹಣ ನಿಂತಿತ್ತು. ಮಳೆಗಾಲದಲ್ಲಿ ಬಸ್ಸು ಬಾರದಿದ್ದ ಸಾವಿರಾರು ಹಳ್ಳಿಗಳಿಗೆ ಡಾಂಬರು ರಸ್ತೆ ಬಂದದ್ದು ಭಾಷಣದಿಂದಲ್ಲ, ಕಾಯಿದೆಯಲ್ಲಿ ಅಚ್ಚಾದ ಆ ಶೇಕಡಾವಾರಿನಿಂದ.

ಆ ಶೇಕಡಾವಾರು 2018ರಲ್ಲಿ ಕಾಯಿದೆಯಿಂದ ಹೊರಗೆ ಹೋಯಿತು. ಆ ವರ್ಷದ ಹಣಕಾಸು ಕಾಯಿದೆಯ ಮೂಲಕ ನಿಧಿಯ ಹೆಸರು ಕೇಂದ್ರ ರಸ್ತೆ ಮತ್ತು ಮೂಲಸೌಕರ್ಯ ನಿಧಿ ಎಂದಾಯಿತು. ರಸ್ತೆಯ ಜೊತೆಗೆ ವಿದ್ಯುತ್ತು, ನೀರು, ಸಂಪರ್ಕ, ಆರೋಗ್ಯ, ಶಿಕ್ಷಣದ ಕಟ್ಟಡಗಳವರೆಗೆ ಅದರ ವ್ಯಾಪ್ತಿ ಹಿಗ್ಗಿತು. ಯಾವುದಕ್ಕೆ ಎಷ್ಟು ಎಂಬುದನ್ನು ಹಣಕಾಸು ಸಚಿವರ ಅಧ್ಯಕ್ಷತೆಯ ಸಮಿತಿ ತೀರ್ಮಾನಿಸುತ್ತದೆ ಎಂದಾಯಿತು. ಬಜೆಟ್ಟಿನ ದೊಡ್ಡ ಗದ್ದಲದ ನಡುವೆ ಈ ಬದಲಾವಣೆ ಹೆಚ್ಚು ಚರ್ಚೆಗೆ ಸಿಗಲಿಲ್ಲ. ಇನ್ನೊಂದು ಕಡೆ, ಸಂವಿಧಾನದ ಪ್ರಕಾರ ಸೆಸ್ ಮತ್ತು ಸರ್‌ಚಾರ್ಜ್‌ಗಳನ್ನು ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾಗಿಲ್ಲ. 2022ರ ಮೇ ತಿಂಗಳ ಕಡಿತದ ನಂತರ ಕೇಂದ್ರವು ಒಂದು ಲೀಟರ್ ಪೆಟ್ರೋಲಿನ ಮೇಲೆ ಪಡೆಯುತ್ತಿದ್ದದ್ದು 19 ರೂಪಾಯಿ 90 ಪೈಸೆ. ಅದರಲ್ಲಿ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ಉಳಿದದ್ದೆಲ್ಲ ರಸ್ತೆ ಸೆಸ್, ಕೃಷಿ ಸೆಸ್, ವಿಶೇಷ ಹೆಚ್ಚುವರಿ ಸುಂಕ ಎಂಬ ಹೆಸರುಗಳಲ್ಲಿ. ಹೀಗೆ ಸಂಗ್ರಹವಾದ ಸೆಸ್‌ಗಳೆಲ್ಲ ತಮ್ಮ ನಿಧಿಗೆ ಸೇರುತ್ತವೆಯೇ ಎಂದರೆ ಅದೂ ಇಲ್ಲ. 2018–19ರಲ್ಲಿ ಮೂವತ್ತೈದು ಬಗೆಯ ಸೆಸ್ ಮತ್ತು ಶುಲ್ಕಗಳಿಂದ ಬಂದ 2.74 ಲಕ್ಷ ಕೋಟಿ ರೂಪಾಯಿಯಲ್ಲಿ ಮೀಸಲು ನಿಧಿಗಳಿಗೆ ವರ್ಗವಾದದ್ದು 1.64 ಲಕ್ಷ ಕೋಟಿ ಎಂದು ಮಹಾಲೇಖಪಾಲರ ವರದಿ ಹೇಳಿತು.

ಇದಕ್ಕೆ ಎದುರಾಗಿ ಅರ್ಥಶಾಸ್ತ್ರಜ್ಞರು ಹೇಳುವ ಒಂದು ಬಲವಾದ ವಾದವಿದೆ. ಆದಾಯವನ್ನು ಹೆಸರಿಟ್ಟು ಕಟ್ಟಿಹಾಕುವುದು ಕೆಟ್ಟ ಹಣಕಾಸು; ಜನರು ಆರಿಸಿದ ಸರಕಾರಕ್ಕೆ ಈ ವರ್ಷ ಆಸ್ಪತ್ರೆ ಮುಖ್ಯವೆನಿಸಿದರೆ ಆಸ್ಪತ್ರೆಗೆ, ರಸ್ತೆ ಮುಖ್ಯವೆನಿಸಿದರೆ ರಸ್ತೆಗೆ ಹಾಕುವ ಸ್ವಾತಂತ್ರ್ಯ ಬೇಕು. ಚರ್ಚಿಲ್ ವಾದವೂ ಹೆಚ್ಚುಕಡಿಮೆ ಇದೇ ಆಗಿತ್ತು. ಕೋವಿಡ್‌ನಂಥ ಸಂಕಟದಲ್ಲಿ ಆ ಸ್ವಾತಂತ್ರ್ಯದ ಬೆಲೆ ಎಲ್ಲರಿಗೂ ಗೊತ್ತಾಯಿತು. ಈ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಅದನ್ನು ಒಪ್ಪಿದರೆ ಅದರ ಮುಂದಿನ ಹೆಜ್ಜೆಯನ್ನೂ ಇಡಬೇಕು. ಬೇಕಾದ ಕಡೆ ಖರ್ಚು ಮಾಡುವ ಹಣವಾದರೆ ಅದು ತೆರಿಗೆ. ತೆರಿಗೆಯಾದರೆ ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳಿಗೆ ಪಾಲು ಸಲ್ಲಬೇಕು. ರಸ್ತೆಗೆಂದು ಹೇಳಿ ಹಂಚಿಕೆಯಿಂದ ತಪ್ಪಿಸಿಕೊಳ್ಳುವುದು, ಆಮೇಲೆ ಬೇಕಾದ ಕಡೆ ಖರ್ಚು ಮಾಡುವುದು, ಈ ಎರಡು ಅನುಕೂಲಗಳನ್ನೂ ಒಟ್ಟಿಗೆ ಪಡೆಯಲು ಯಾವ ಸಿದ್ಧಾಂತವೂ ಸಮರ್ಥನೆ ಕೊಡುವುದಿಲ್ಲ. ಇನ್ನೊಂದು ಆಕ್ಷೇಪ ಹಂಚಿಕೆಯ ನ್ಯಾಯದ್ದು. ಪೆಟ್ರೋಲ್ ಹೆಚ್ಚು ಸುಡುವ ರಾಜ್ಯಕ್ಕೇ ಹೆಚ್ಚು ಹಣ ಕೊಟ್ಟರೆ ಬಡ ರಾಜ್ಯಗಳ ಗತಿಯೇನು? ಇದೂ ನ್ಯಾಯವಾದ ಮಾತು. ಅದಕ್ಕೇ ಈಗಿನ ನಿಯಮಗಳು ಇಂಧನ ಬಳಕೆಗಿಂತ ಭೂವಿಸ್ತೀರ್ಣಕ್ಕೆ ಹೆಚ್ಚು ತೂಕ ಕೊಡುತ್ತವೆ. ಕೇರಳದಂಥ ಕಿರಿದಾದ, ವಾಹನದಟ್ಟಣೆಯ ರಾಜ್ಯಕ್ಕೆ ಇದರಿಂದ ನಷ್ಟ. ಆದರೂ ಒಂದು ದೇಶದಲ್ಲಿ ಅಂಥ ನಷ್ಟವನ್ನು ಹೊರಬೇಕಾಗುತ್ತದೆ. ನಷ್ಟ ಹೊರುವವನಿಗೆ ಎಷ್ಟು ಹೊರುತ್ತಿದ್ದೇನೆ, ಯಾವ ನಿಯಮದಡಿ ಹೊರುತ್ತಿದ್ದೇನೆ ಎಂದು ತಿಳಿಯುವ ಹಕ್ಕು ಇರಬೇಕು, ಆ ನಿಯಮವನ್ನು ಸಂಸತ್ತೇ ಬರೆಯಬೇಕು.

ನಿಯಮ ಕಾಯಿದೆಯಲ್ಲಿ ಇಲ್ಲದಿದ್ದಾಗ ಚೌಕಾಸಿ ಅದರ ಜಾಗಕ್ಕೆ ಬರುತ್ತದೆ. ತಿರುವನಂತಪುರದ ಬಳಿಯ ವಿಳಿಂಞಂ ಬಂದರಿಗೆ ಕೇಂದ್ರ ಒಪ್ಪಿದ ಕೊರತೆ ತುಂಬುವ ನೆರವು 817.80 ಕೋಟಿ ರೂಪಾಯಿ. ಅದಕ್ಕೆ ಬಂದರಿನ ಮುಂದಿನ ಆದಾಯದಲ್ಲಿ ಪಾಲು ಕೊಡಬೇಕೆಂಬ ಷರತ್ತು ಬಂತು. ಇದು ನೆರವಲ್ಲ, ಸಾಲ ಎಂದು ಕೇರಳ ವಾದಿಸಿ, ಕೊನೆಗೆ 2025ರಲ್ಲಿ ಸಹಿ ಹಾಕಿತು. ಕರಾವಳಿಯ ಹಳೆಯ 17, ಅಂದರೆ ಈಗಿನ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲೂ ಹೀಗೆಯೇ ಆಯಿತು. ಕೇರಳದಲ್ಲಿ ಭೂಮಿ ದುಬಾರಿ, ಆದ್ದರಿಂದ ಭೂಸ್ವಾಧೀನದ ಶೇಕಡ 25ನ್ನು ರಾಜ್ಯವೇ ಕೊಡಬೇಕು ಎಂದಾಯಿತು. ರಾಜ್ಯ ಕೊಟ್ಟದ್ದು ಸುಮಾರು 5,580 ಕೋಟಿ ರೂಪಾಯಿ. ಆ ಹಣದ ಮೂಲ ಕಿಫ್‌ಬಿ, ಅಂದರೆ 1999ರ ಕಾಯಿದೆಯಡಿ ಹುಟ್ಟಿ 2016ರಲ್ಲಿ ಹೊಸ ಬಲ ಪಡೆದ ಕೇರಳ ಮೂಲಸೌಕರ್ಯ ಹೂಡಿಕೆ ನಿಧಿ ಮಂಡಳಿ. ಮೋಟಾರು ವಾಹನ ತೆರಿಗೆಯ ಅರ್ಧ ಮತ್ತು ಇಂಧನದ ಮೇಲಿನ ಲೀಟರಿಗೆ ಒಂದು ರೂಪಾಯಿ ಸೆಸ್ ಅದಕ್ಕೆ ಮೀಸಲು. ಆ ಆದಾಯವನ್ನು ತೋರಿಸಿ ಅದು ಸಾಲ ಎತ್ತುತ್ತದೆ. 2019ರಲ್ಲಿ ಶೇಕಡ 9.723 ಬಡ್ಡಿಗೆ 2,150 ಕೋಟಿಯ ಮಸಾಲಾ ಬಾಂಡ್ (ವಿದೇಶದಲ್ಲಿ ಮಾರುವ ರೂಪಾಯಿ ಸಾಲಪತ್ರ) ಲಂಡನ್ನಿನ ಷೇರುಪೇಟೆಯಲ್ಲಿ ನೋಂದಾಯಿಸಿದ್ದೂ ಇದೇ ಮಂಡಳಿ. ಕೇಂದ್ರ ಈ ಸಾಲವನ್ನು ರಾಜ್ಯದ ಸಾಲದ ಮಿತಿಯೊಳಗೆ ಎಣಿಸಿತು. ಕೇರಳ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ಪ್ರಶ್ನೆ ಸಂವಿಧಾನ ಪೀಠಕ್ಕೆ ಹೋಯಿತು. ಒಕ್ಕೂಟದ ದೃಷ್ಟಿಯಿಂದ ನನ್ನ ಸಹಾನುಭೂತಿ ಕೇರಳದ ಕಡೆಗೆ. ಆದರೆ ಕಿಫ್‌ಬಿಯೂ ಬಜೆಟ್ಟಿನ ಹೊರಗೆ ನಿಂತು ಶಾಸಕರ ಪ್ರಶ್ನೆಯಿಂದ ದೂರ ಉಳಿಯುತ್ತದೆ ಎಂದು ಮಹಾಲೇಖಪಾಲರು ಎತ್ತಿದ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ದೆಹಲಿಯಲ್ಲಿ ತಪ್ಪಾದದ್ದು ತಿರುವನಂತಪುರದಲ್ಲಿ ಸರಿಯಾಗುವುದಿಲ್ಲ.

ತ್ರಿಪ್ಪುಣಿತ್ತುರಕ್ಕೆ ಈಗ ಮೆಟ್ರೊ ಬಂದಿದೆ. 1978ರಲ್ಲಿ ಕಲ್ಕತ್ತೆಗಾಗಿ ಬರೆದ ಮೆಟ್ರೊ ಕಾಯಿದೆಯನ್ನು 2009ರ ತಿದ್ದುಪಡಿ ಇತರ ನಗರಗಳಿಗೂ ವಿಸ್ತರಿಸಿತು. 2017ರ ಜೂನ್ 17ರಂದು ಆಲುವಾದಿಂದ ಹೊರಟ ಹಳಿ 2024ರ ಮಾರ್ಚ್ 6ರಂದು ತ್ರಿಪ್ಪುಣಿತ್ತುರದ ಕೊನೆಯ ನಿಲ್ದಾಣ ಮುಟ್ಟಿತು. ಅದರ ಹಣದಲ್ಲಿ ಕೇಂದ್ರದ ಪಾಲೂ ರಾಜ್ಯದ ಪಾಲೂ ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆಯ ಸಾಲವೂ ಇದೆ. ಆದರೆ ಈ ಲೇಖನದ ವಾದಕ್ಕೆ ಮೆಟ್ರೊಗಿಂತ ಮುಖ್ಯವಾದದ್ದು ಅದೇ ಶೊರನೂರು ಹಳಿಯ ಪಕ್ಕದಲ್ಲಿ, ತ್ರಿಶೂರಿನ ಬಳಿಯ ಪಾಲಿಯೇಕ್ಕರದಲ್ಲಿ ನಡೆಯಿತು. ಇಡಪ್ಪಳ್ಳಿ–ಮಣ್ಣುತ್ತಿ ಹೆದ್ದಾರಿಯಲ್ಲಿ ಅಡಿಸೇತುವೆಗಳ ಕೆಲಸಕ್ಕೆ ರಸ್ತೆ ಅಗೆದು, ಬದಿಯ ದಾರಿಗಳು ಹೊಂಡ ಬಿದ್ದು, ಗಂಟೆಗಟ್ಟಲೆ ವಾಹನಗಳು ನಿಲ್ಲುತ್ತಿದ್ದವು. ಟೋಲ್ ಮಾತ್ರ ನಿಂತಿರಲಿಲ್ಲ. 2025ರ ಆಗಸ್ಟ್ 6ರಂದು ಕೇರಳ ಹೈಕೋರ್ಟ್ ಅಲ್ಲಿ ಟೋಲ್ ವಸೂಲಿಯನ್ನು ತಡೆಯಿತು. ಟೋಲ್ ಕೊಡುವ ಜನರ ಕರ್ತವ್ಯ, ಅಡೆತಡೆಯಿಲ್ಲದ ರಸ್ತೆ ಒದಗಿಸುವ ಪ್ರಾಧಿಕಾರದ ಕರ್ತವ್ಯಕ್ಕೆ ಜೋಡಿಸಿಕೊಂಡಿದೆ ಎಂಬುದು ಅದರ ನಿಲುವು. ಆಗಸ್ಟ್ 19ರಂದು ಸುಪ್ರೀಂ ಕೋರ್ಟ್ ಹೆದ್ದಾರಿ ಪ್ರಾಧಿಕಾರದ ಮೇಲ್ಮನವಿಯನ್ನು ತಳ್ಳಿಹಾಕಿತು. ಕೆಲಸ ಒಂದಿಷ್ಟು ಸುಧಾರಿಸಿದ ಮೇಲೆ ಅಕ್ಟೋಬರ್‌ನಲ್ಲಿ ಟೋಲ್ ಮತ್ತೆ ಶುರುವಾಯಿತು. ಹೆದ್ದಾರಿ ಕಾಯಿದೆ ಟೋಲ್ ಹಾಕುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ರಸ್ತೆ ಕೆಟ್ಟಾಗ ಟೋಲ್ ಕೊಡದಿರುವ ಹಕ್ಕನ್ನು ಜನರಿಗೆ ನ್ಯಾಯಾಲಯ ಹುಡುಕಿಕೊಡಬೇಕಾಯಿತು. ಒಂದೊಂದು ಹೊಂಡಕ್ಕೂ ಹೈಕೋರ್ಟಿನ ಬಾಗಿಲು ತಟ್ಟಲು ಜನರಿಗೆ ಸಾಧ್ಯವಿಲ್ಲ. ಆ ತೀರ್ಪಿನ ತತ್ವ ಶಾಸನದೊಳಗೇ ಇರಬೇಕು.

ಕನ್ನಡದ ಓದುಗರಿಗೆ ಇದು ದೂರದ ಸಂಗತಿಯಲ್ಲ. ಮೇಲೆ ಹೇಳಿದ ಕರಾವಳಿಯ ಹೆದ್ದಾರಿ 66ರಲ್ಲಿ ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೊಮೀಟರನ್ನು ಊರಾಳುಂಗಲ್ ಕಾರ್ಮಿಕರ ಸಹಕಾರಿ ಸಂಘ ಕಟ್ಟಿದೆ. ತಲಪಾಡಿಯ ಈಚೆ ಖಾಸಗಿ ಗುತ್ತಿಗೆಯ ಟೋಲ್ ರಸ್ತೆ. ಪಂಪ್‌ವೆಲ್ ಮೇಲ್ಸೇತುವೆಗಾಗಿ ಮಂಗಳೂರಿನ ಜನ ಕಾದ ವರ್ಷಗಳನ್ನು ಯಾರೂ ಮರೆತಿಲ್ಲ. ಸುರತ್ಕಲ್ ಟೋಲ್ ಗೇಟ್ 2022ರ ಡಿಸೆಂಬರ್‌ನಲ್ಲಿ ನಿಂತದ್ದು ಜನ ಬೀದಿಗಿಳಿದ ಮೇಲೆ. ಬಂಕಿನಲ್ಲಿ ಸೆಸ್, ಗೇಟಿನಲ್ಲಿ ಟೋಲ್ ಕೊಡುವ ಕಾಸರಗೋಡಿನಿಂದ ಕಾರವಾರದವರೆಗಿನ ಜನರು ತಮ್ಮ ಸಂಸದರಿಗೆ ಮೂರು ಬೇಡಿಕೆಗಳನ್ನು ಬರೆದು ಕಳಿಸಲಿ. 2018ರಲ್ಲಿ ತೆಗೆದ ಹಂಚಿಕೆಯ ಶೇಕಡಾವಾರನ್ನು ಕಾಯಿದೆಗೆ ಮತ್ತೆ ಸೇರಿಸಲಿ. ಪ್ರತಿ ರಾಜ್ಯದಲ್ಲಿ ಸಂಗ್ರಹವಾದ ರಸ್ತೆ ಸೆಸ್ ಎಷ್ಟು, ಆ ರಾಜ್ಯದ ರಸ್ತೆಗೆ ಹಿಂತಿರುಗಿದ್ದು ಎಷ್ಟು ಎಂಬ ಲೆಕ್ಕವನ್ನು ಪ್ರತಿ ವರ್ಷ ಸಂಸತ್ತಿನ ಮುಂದೆ ಇಡಲಿ. ರಸ್ತೆ ಕೆಟ್ಟಾಗ ಟೋಲ್ ತಾನಾಗಿ ನಿಲ್ಲಬೇಕೆಂಬ ಕಲಮನ್ನು ಹೆದ್ದಾರಿ ಕಾಯಿದೆಗೆ ಸೇರಿಸಲಿ. ಈ ಮೂರಕ್ಕೂ ಸರಕಾರದ ಬೊಕ್ಕಸದಿಂದ ಒಂದು ರೂಪಾಯಿ ಹೊಸ ಖರ್ಚಿಲ್ಲ. ಮುಂದಿನ ಹಣಕಾಸು ಮಸೂದೆ ಲೋಕಸಭೆಗೆ ಬರುವ ಮೊದಲೇ ಆ ಪತ್ರ ಬರೆಯಿರಿ.